ಹೊಲದ ಪಾಲಿಗೆ ‘ನಿರುದ್ಧ’ದ ಲೆಕ್ಕ

ಮಧುಗಿರಿ ಸೀಮೆಯ ಬಡವನಹಳ್ಳಿಯ ಕಡೆ ಒಂದು ಕಡಲೆಕಾಯಿ ಹೊಲ ಪಾಲಾಗಬೇಕಿದೆ ಎಂದಿಟ್ಟುಕೊಳ್ಳಿ. ಅಣ್ಣನಿಗೆ ಹನ್ನೆರಡರಲ್ಲಿ ಐದು ಭಾಗ, ತಮ್ಮನಿಗೆ ಹದಿನೆಂಟರಲ್ಲಿ ಏಳು ಭಾಗ, ಮಿಕ್ಕಿದ್ದು ತಂಗಿಗೆ ಎಂದು ಪಾಲುಪತ್ರವಾಗಿದೆ. ತಂಗಿಗೆ ಉಳಿಯುವುದೆಷ್ಟು? ಹನ್ನೆರಡರ ಭಾಗವೂ ಹದಿನೆಂಟರ ಭಾಗವೂ ಒಂದೇ ಅಳತೆಯವಲ್ಲ. ಹಾಗೆಯೇ ಕೂಡಿಸಿದರೆ ಮೋಸ ಹೋಗುವವಳು ಆಕೆಯೇ.

12ನ್ನು 18ರಿಂದ ಗುಣಿಸಿ ಹೊಲವನ್ನು 216 ಚೂರು ಮಾಡಬಹುದು. ಲೆಕ್ಕ ತಪ್ಪಲ್ಲ, ಆದರೆ ವೃಥಾ ಶ್ರಮ. ಎರಡು ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಸಿಕ್ಕರೆ ಸಾಕು. ಶಾಲೆಯಲ್ಲಿ ಇದೇ ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ. ಮಕ್ಕಳು ಹೆಸರಿಗೇ ಅರ್ಧ ಹೆದರಿಬಿಡುತ್ತಾರೆ.

ಕನ್ನಡ ನಾಡಿನಲ್ಲಿ ಇದಕ್ಕೆ ಇನ್ನೂ ಚಿಕ್ಕ ಹೆಸರೊಂದಿತ್ತು: ‘ನಿರುದ್ಧ’. ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಈ ಮಾತನ್ನು ಬಳಸಿದ್ದಾನೆ. ಗ್ರಂಥದ ಆರಂಭದಲ್ಲಿ ಆತ ಹೊಗಳುವುದು ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಜಗತ್ತಿನ ಗಮನ ಇದರತ್ತ ಹರಿಯಿತು. ಲ.ಸಾ.ಅ. ಕಂಡುಹಿಡಿಯುವ ದಾರಿ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ಗೂ ಮೊದಲೇ ಗೊತ್ತಿತ್ತು. ಮಹಾವೀರನ ಹೆಚ್ಚುಗಾರಿಕೆ, ಅದನ್ನು ಭಿನ್ನರಾಶಿಗಳ ಸಂಕಲನಕ್ಕೆ ನೇರವಾದ ಸೂತ್ರವಾಗಿ ಹೊಂದಿಸಿದ್ದರಲ್ಲಿದೆ.

ಸೂತ್ರದ ತಿರುಳು ಇಷ್ಟು: ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಗುಣಿಸಿದರೆ ನಿರುದ್ಧ. 12 ಮತ್ತು 18ನ್ನು 6ರಿಂದ ಭಾಗಿಸಿದರೆ 2, 3. ಆರೆರಡ್ಲಿ ಹನ್ನೆರಡು, ಹನ್ನೆರಡು ಮೂರ್ಲಿ ಮೂವತ್ತಾರು. ಹಲವರು ಎಡವುವುದು ಇಲ್ಲಿಯೇ. 3ರಿಂದ ಭಾಗಿಸಿ 4, 6 ಬಂದಾಗಲೇ ನಿಲ್ಲಿಸಿದರೆ ಉತ್ತರ 72 ಆಗುತ್ತದೆ. 4 ಮತ್ತು 6ಕ್ಕೆ ಇನ್ನೂ 2 ಸಾಮಾನ್ಯವಾಗಿ ಉಳಿದಿದೆ; ಅದರಿಂದಲೂ ಭಾಗಿಸಿದರೆ 2, 3 ಬಂದು ಮತ್ತೆ 36ಕ್ಕೇ ತಲುಪುತ್ತೇವೆ. ಸಾಮಾನ್ಯ ಅಪವರ್ತನ ಒಂದನ್ನು ಬಿಟ್ಟರೆ ಬೇರೇನೂ ಇಲ್ಲದ 9, 14ರಂಥ ಜೋಡಿಯಾದರೆ ಮಾತ್ರ ನೇರ ಗುಣಾಕಾರವೇ ಗತಿ: 126.

ಈಗ ಹೊಲಕ್ಕೆ ಬರೋಣ. 36ನ್ನು 12ರಿಂದ ಭಾಗಿಸಿದರೆ 3. ಅಣ್ಣನ 5 ಭಾಗ 15 ಆಯಿತು. 18ರಿಂದ ಭಾಗಿಸಿದರೆ 2. ತಮ್ಮನ 7 ಭಾಗ 14 ಆಯಿತು. ಇಬ್ಬರದೂ ಸೇರಿ 29. ಹೊಲ 36 ಗುಂಟೆಯದಾಗಿದ್ದರೆ ತಂಗಿಗೆ ಉಳಿಯುವುದು ಸರಿಯಾಗಿ ಏಳು ಗುಂಟೆ.