ಹಳೆಯ ಫಿಯೆಟ್‌ಗೆ ಹೊಸ ಟಯರ್: ಅಂಗಡಿಯಲ್ಲಿ ಯಾವ ನಂಬರ್ ಕೇಳಬೇಕು?



ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರಲ್ಲಿ, ಟ್ಯಾಕ್ಸಿಗೆ ಇದ್ದ ಆಯಸ್ಸು 20 ವರ್ಷ. ಲೆಕ್ಕ ಸರಿಹೋಯಿತು. ಆದರೆ ಕುರ್ಲಾದ ಕಾರ್ಖಾನೆಯಿಂದ ಹೊರಬಂದ ಈ ಕಾರು ಖಾಸಗಿ ಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಅಪ್ಪ ಕೊಂಡ ಕಾರು, ಮಾರಲು ಮನಸ್ಸು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಒಂದು ಸುತ್ತು, ವರ್ಷಕ್ಕೊಮ್ಮೆ ಧೈರ್ಯ ಮಾಡಿ ಊರಿಗೆ ಒಂದು ಪ್ರಯಾಣ.

ತೊಂದರೆ ಶುರುವಾಗುವುದು ಟಯರ್ ಬದಲಿಸುವ ದಿನ. ಹಳೆಯ ಟಯರಿನ ಮೇಲೆ 5.20-14 ಎಂದು ಬರೆದಿರುತ್ತದೆ. ಅಂಗಡಿಯವರು ತಲೆ ಕೆರೆದುಕೊಂಡು, “ಸಾರ್, ಆ ಸೈಜ್ ಈಗ ಬರುವುದಿಲ್ಲ, ಇದು ಹಾಕಿಕೊಳ್ಳಿ, ಚೆನ್ನಾಗಿ ಕೂರುತ್ತದೆ” ಎಂದು ಕೈಗೆ ಸಿಕ್ಕಿದ್ದನ್ನು ತೋರಿಸುತ್ತಾರೆ. ಕೂರುವುದೇನೋ ಕೂರುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಇಳಿಯುವಾಗ ಅದು ಸರಿಯಾದ ಟಯರೇ ಎಂಬುದು ಬೇರೆ ಪ್ರಶ್ನೆ.

ಮೊದಲು ಆ ಅಂಕಿಗಳನ್ನು ಓದೋಣ. 5.20 ಎಂದರೆ ಟಯರಿನ ಅಗಲ, ಇಂಚಿನಲ್ಲಿ. ನಮ್ಮ ಲೆಕ್ಕಕ್ಕೆ ಸುಮಾರು 132 ಮಿಲಿಮೀಟರ್. 14 ಎಂದರೆ ರಿಮ್ಮಿನ ವ್ಯಾಸ, ಅದೂ ಇಂಚಿನಲ್ಲೇ. ಟಯರಿನ ಗೋಡೆ ಎಷ್ಟು ಎತ್ತರ ಎಂಬುದನ್ನು ಆಗ ಬರೆಯುತ್ತಿರಲಿಲ್ಲ. ಕ್ರಾಸ್‌ಪ್ಲೈ ಟಯರುಗಳಲ್ಲಿ ಅದು ಅಗಲದಷ್ಟೇ, ಹೆಚ್ಚೆಂದರೆ ಒಂದಿಷ್ಟು ಕಡಿಮೆ. ನೂರಕ್ಕೆ 95 ಎಂದಿಟ್ಟುಕೊಂಡರೆ ಗೋಡೆ 125 ಮಿ.ಮೀ. ಮೇಲೊಂದು, ಕೆಳಗೊಂದು, ನಡುವೆ 356 ಮಿ.ಮೀ. ರಿಮ್. ಒಟ್ಟು ಟಯರಿನ ಎತ್ತರ ಸುಮಾರು 607 ಮಿ.ಮೀ.

ಈಗಿನ ರೇಡಿಯಲ್ ಟಯರಿನಲ್ಲಿ ಎಲ್ಲವನ್ನೂ ಬರೆದಿರುತ್ತಾರೆ. 165/80 R14 ಎಂದರೆ ಅಗಲ 165 ಮಿ.ಮೀ., ಗೋಡೆ ಅದರ ನೂರಕ್ಕೆ 80, ರೇಡಿಯಲ್, ರಿಮ್ 14 ಇಂಚು. ಕೂಡಿದರೆ ಎತ್ತರ 620 ಮಿ.ಮೀ. 155/80 R14 ಆದರೆ 604. ಅಂದರೆ ಹಳೆಯದಕ್ಕೆ ತೀರ ಹತ್ತಿರದ ಸಂಬಂಧಿ 155/80. ಅದು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ, ಆದರೆ ಹುಡುಕಬೇಕಾದೀತು. 165/80 ಮಾತ್ರ ಊರೂರಲ್ಲಿ ಸಿಗುತ್ತದೆ, ಮಾರುತಿ ಸ್ವಿಫ್ಟ್‌ನ ಹಲವು ಮಾದರಿಗಳಿಗೆ ಅದೇ ಅಳತೆ. ಎತ್ತರದಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚು ಬರುತ್ತದೆ, ಸ್ಪೀಡೋಮೀಟರ್ 60 ತೋರಿಸಿದಾಗ ನಿಜವಾದ ವೇಗ 61 ದಾಟಿರುತ್ತದೆ ಅಷ್ಟೆ. ನೂರಕ್ಕೆ ಮೂರರೊಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ.

ಲೆಕ್ಕ ಬೇಡ ಎನ್ನುವವರಿಗೆ ಚಾಕ್‌ಪೀಸ್ ಇದೆ. ಟಯರ್ ನೆಲಕ್ಕೆ ತಾಗುವ ಕಡೆ ಒಂದು ಗೆರೆ, ನೆಲದ ಮೇಲೂ ಒಂದು ಗೆರೆ ಎಳೆಯಿರಿ. ಕಾರನ್ನು ಮೆಲ್ಲಗೆ ತಳ್ಳಿ ಗಾಲಿ ಒಂದು ಪೂರ್ತಿ ಸುತ್ತು ಬರಲಿ. ಎಷ್ಟು ದೂರ ಹೋಯಿತೋ ಅಳೆಯಿರಿ. ಪದ್ಮಿನಿಗೆ ಅದು 190 ಸೆಂಟಿಮೀಟರಿನ ಆಸುಪಾಸು ಬರಬೇಕು.

ಇನ್ನು ಅಗಲದ ಆಸೆ. ಮಗ ಕಾಲೇಜಿಗೆ ಹೋಗುವವನಾಗಿದ್ದರೆ ಈ ಆಸೆ ಖಂಡಿತ ಬರುತ್ತದೆ! 185/65 R14 ಹಾಕಿದರೆ ಎತ್ತರ 596, ಲೆಕ್ಕಕ್ಕೆ ಹೊಂದುತ್ತದಲ್ಲ ಎನ್ನುತ್ತಾನೆ. ಹೊಂದುವುದಿಲ್ಲ. ಆ ಟಯರಿಗೆ ಕನಿಷ್ಠ 5 ಇಂಚು ಅಗಲದ ರಿಮ್ ಬೇಕು, 165/80 ಆದರೆ 4 ಇಂಚಿನಿಂದ ಐದೂವರೆ ಇಂಚಿನವರೆಗೆ ನಡೆಯುತ್ತದೆ. ಆ ಕಾಲದ ರಿಮ್ಮುಗಳು ಕಿರಿದು. ಕಿರಿದಾದ ರಿಮ್ಮಿನ ಮೇಲೆ ಅಗಲ ಟಯರ್ ಬಲೂನಿನಂತೆ ಉಬ್ಬಿ ಕೂರುತ್ತದೆ, ತಿರುವಿನಲ್ಲಿ ತೇಲಾಡುತ್ತದೆ, ಮಧ್ಯದಲ್ಲಿ ಬೇಗ ಸವೆಯುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕಿಂಗಿನಲ್ಲಿ ತಿರುಗಿಸುವಾಗ ಭುಜಕ್ಕೆ ಬೀಳುವ ಕೆಲಸ ಬೇರೆ. ನನ್ನ ಮಟ್ಟಿಗೆ 165ಕ್ಕೇ ನಿಲ್ಲಿಸುವುದು ಜಾಣತನ. ಅದನ್ನು ಹಾಕಿದ ಮೇಲೂ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಟಯರ್ ಎಲ್ಲಿಯಾದರೂ ಉಜ್ಜುತ್ತದೆಯೇ ನೋಡಿ.

ಟ್ಯೂಬಿನ ವಿಷಯ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಟ್ಯೂಬ್‌ಲೆಸ್. ಅದಕ್ಕೆಂದೇ ಮಾಡಿದ ರಿಮ್ಮಿನ ಒಳಅಂಚಿನಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಗಾಳಿ ಕಡಿಮೆಯಾದರೂ ಟಯರ್ ಜಾರದಂತೆ ಅದು ಹಿಡಿದಿಡುತ್ತದೆ. ಹಳೆಯ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಅದು ಇಲ್ಲ, ಸಾಲದ್ದಕ್ಕೆ ಒಳಗೆ ತುಕ್ಕು. ಆದ್ದರಿಂದ ಟ್ಯೂಬ್ ಹಾಕಿಸಿ, ಅದೇ ಅಳತೆಯ, ರೇಡಿಯಲ್‌ಗೆ ಹೊಂದುವ ಟ್ಯೂಬ್. ಟಯರಿನ ಒಳಗೆ ಅಂಟಿಸಿದ ಕಾಗದದ ಚೀಟಿ ಇದ್ದರೆ ಕೀಳಿಸಿ. ಬಿಸಿಲಲ್ಲಿ ದೂರ ಓಡಿದಾಗ ಆ ಚೀಟಿಯ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ಖರ್ಚು ಉಳಿಸಲೆಂದು ಎರಡೇ ಟಯರ್ ಬದಲಿಸುವವರಿದ್ದಾರೆ. ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ಕ್ರಾಸ್‌ಪ್ಲೈ, ಇನ್ನೊಂದು ಕಡೆ ರೇಡಿಯಲ್ ಖಂಡಿತ ಬೇಡ. ಎರಡರ ಗೋಡೆ ಬಾಗುವ ರೀತಿಯೇ ಬೇರೆ, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಹುದು. ಸದ್ಯಕ್ಕೆ ಎರಡೇ ಸಾಧ್ಯ ಎಂದಾದರೆ ರೇಡಿಯಲ್ ಜೋಡಿ ಹಿಂದಕ್ಕೆ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಇದ್ದರೆ ಮಳೆಯ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಕೊಳ್ಳುವಾಗ ಗೋಡೆಯ ಮೇಲೆ ಇನ್ನೊಂದು ಅಂಕಿ ಹುಡುಕಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟಯರ್. ವರ್ಷಕ್ಕೆ ಐನೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಟಯರಿನ ಗೆರೆ ಸವೆಯುವುದೇ ಇಲ್ಲ, ನೋಡಲು ಹೊಸದರಂತೆ ಇರುತ್ತದೆ. ರಬ್ಬರ್ ಮಾತ್ರ ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷ ಆದದ್ದನ್ನು ತೆಗೆದುಬಿಡಿ. ಸ್ಟೆಪ್ನಿಯ ತಾರೀಕನ್ನೂ ನೋಡಿ, ಡಿಕ್ಕಿಯಲ್ಲಿ ಮಲಗಿರುವುದು 1990ರ ದಶಕದ್ದಾಗಿದ್ದರೂ ಆಶ್ಚರ್ಯವಿಲ್ಲ.

ಗಾಳಿ ತುಂಬಿಸುವಾಗ ಹಳೆಯ ಕೈಪಿಡಿಯ ಅಂಕಿ ಹೇಳಬೇಡಿ, ಅದು ಕ್ರಾಸ್‌ಪ್ಲೈಗೆ ಬರೆದದ್ದು. ರೇಡಿಯಲ್‌ಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಪೌಂಡ್ ಹೆಚ್ಚು ಬೇಕಾಗುತ್ತದೆ. ಟಯರ್ ತಣ್ಣಗಿರುವಾಗ, ಅಂದರೆ ಹೊರಡುವ ಬೆಳಿಗ್ಗೆ, ಮನೆಗೆ ಹತ್ತಿರದ ಪಂಪಿನಲ್ಲೇ ತುಂಬಿಸಿಕೊಳ್ಳಿ.