ಗುಡಿಯಂತೆ ಕಟ್ಟಿದ ಕಚೇರಿ

ವಿಧಾನಸೌಧ ನೋಡಲು ಹೋದವರು ಅದರ ಚೆಲುವು ಹೊಗಳಿ ಬರುತ್ತಾರೆ. 2025ರಿಂದ ರಜಾದಿನಗಳಲ್ಲಿ ಟಿಕೆಟ್ಟು ಕೊಟ್ಟು ಒಳಗೂ ಸುತ್ತಿಸುತ್ತಿದ್ದಾರೆ. ಒಳ್ಳೇದೇ. ಆದರೆ ಕಟ್ಟಡವೂ ಒಂದು ಪಠ್ಯ. ದಲಿತ ವಿಮರ್ಶೆ ಅದನ್ನೂ ಓದಬೇಕು.

1951ರ ಜುಲೈ 13ರಂದು ನೆಹರೂ ಇದಕ್ಕೆ ಅಡಿಗಲ್ಲು ಹಾಕಿದರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳ ನಕ್ಷೆಯನ್ನು ಬದಲಿಸಿ, ದ್ರಾವಿಡ ದೇವಾಲಯ ಶೈಲಿಯ ಈ ರೂಪ ಕೊಡಿಸಿದರು. 1956ಕ್ಕೆ ಕೆಲಸ ಮುಗಿಯಿತು. ಎದುರಿಗೇ ಬ್ರಿಟಿಷರ ಕಾಲದ ಕೆಂಪು ಅಠಾರ ಕಚೇರಿ. ಅದಕ್ಕೆ ಉತ್ತರವಾಗಿ 'ನಮ್ಮದು' ಎನ್ನುವಂಥ ಕಟ್ಟಡ ಬೇಕಿತ್ತು. ಆ ಹಂಬಲವನ್ನು ಸಣ್ಣದು ಮಾಡಬೇಕಿಲ್ಲ. ಆದರೆ ಯಾರ 'ನಮ್ಮದು'? ತಲೆತಲಾಂತರದಿಂದ ಗುಡಿಯ ಹೊರಗೇ ನಿಂತವರಿಗೆ ಈ ಗೋಪುರ, ಕಂಬಸಾಲು ಏನನ್ನು ನೆನಪಿಸುತ್ತವೆ?

ಪೂರ್ವದ ಮುಂಬಾಗಿಲಿಗೆ 45 ಮೆಟ್ಟಿಲು, ಮೇಲೆ 40 ಅಡಿ ಎತ್ತರದ 12 ಕಂಬಗಳು. ಆ ಮೆಟ್ಟಿಲು ಸಮಾರಂಭಗಳಿಗೆ. ಅರ್ಜಿ ಹಿಡಿದು ಹಳ್ಳಿಯಿಂದ ಬಂದವನಿಗೆ ಬದಿಯ ಗೇಟು, ಪಾಸು, ಕಾಯೋದು. ಗುಡಿಯ ಶಿಸ್ತು ಕಲ್ಲಿನ ಜೊತೆಗೇ ಬಂದಂತಿದೆ. ಇನ್ನು ಆ ಕಲ್ಲು? ಮಲ್ಲಸಂದ್ರ, ಹೆಸರಘಟ್ಟದ ಸುತ್ತಿನದು. ಸಾವಿರಾರು ಕೂಲಿಗಳು, ಕಲ್ಲುಕುಟಿಗರು ದುಡಿದರು; ಜೈಲಿನ ಕೈದಿಗಳನ್ನೂ ದುಡಿಸಿಕೊಳ್ಳಲಾಯಿತು. ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು, ಕಟ್ಟಿದವರದು ಯಾರಿಗೆ ಗೊತ್ತು?

ಮುಂಬಾಗಿಲ ಮೇಲೆ ಕೆತ್ತಿದ ಮಾತು: 'ಸರ್ಕಾರದ ಕೆಲಸ ದೇವರ ಕೆಲಸ'. ಲಂಚ ತಿನ್ನೋ ನೌಕರನಿಗೆ ಭಯ ಹುಟ್ಟಿಸಲಿ ಎಂಬ ಆಸೆ ಇದ್ದೀತು. ಆದರೆ ದೇವರ ಹೆಸರಲ್ಲಿ ನಡೆದ ಕೆಲಸಕ್ಕೆ ಲೆಕ್ಕ ಕೇಳುವ ರೂಢಿ ನಮ್ಮಲ್ಲಿಲ್ಲ. ದೇವರ ಹತ್ತಿರ ಬೇಡಬೇಕು, ಸಿಕ್ಕರೆ ಅದು ಪ್ರಸಾದ. ಹಕ್ಕಿನ ಮಾತೇ ಬೇರೆ. ಅಡಿಗಲ್ಲು ಬೀಳುವ ಹೊತ್ತಿಗಾಗಲೇ ಸಂವಿಧಾನ ಜಾರಿಗೆ ಬಂದು ವರ್ಷ ದಾಟಿತ್ತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಅದು ಯಾವ ದೇವರ ವರವೂ ಅಲ್ಲ.

ಇದಕ್ಕೆ ಸಾಕ್ಷಿ ಬಿ. ಬಸವಲಿಂಗಪ್ಪನವರು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಹೊರೆಯನ್ನು ಹಣೆಬರಹ, ಪೂರ್ವಜನ್ಮದ ಕರ್ಮ ಅಂತ ಹೇಳಿಕೊಂಡು ಬಂದ ಸಮಾಜ ನಮ್ಮದು. ಅಂದರೆ ದೇವರ ಲೆಕ್ಕದಲ್ಲಿದ್ದ ಕೆಲಸವನ್ನು ಸರ್ಕಾರದ ಆದೇಶ ತಪ್ಪು ಅಂದಿತು. ಅದೇ ಬಸವಲಿಂಗಪ್ಪನವರು 1973ರಲ್ಲಿ 'ಬೂಸಾ' ಮಾತಿನ ಗಲಾಟೆಯಲ್ಲಿ ಮಂತ್ರಿಗಿರಿ ಬಿಡಬೇಕಾಯಿತು. ಒಳಗೆ ಹೋಗೋದು ಬೇರೆ, ಒಳಗೆ ನಿಂತು ಮಾತಾಡೋದು ಬೇರೆ.

ಹಾಗಾದರೆ ವಿಧಾನಸೌಧಕ್ಕೆ ಹೋಗಬಾರದೇ? ಹೋಗಬೇಕು, ಮಕ್ಕಳನ್ನೂ ವಿದ್ಯಾರ್ಥಿಗಳನ್ನೂ ಕರೆದೊಯ್ಯಬೇಕು. ಮುಂದಿನ ರಸ್ತೆಯ ಹೆಸರು ಅಂಬೇಡ್ಕರ್ ವೀದಿ. ಬಾಬಾಸಾಹೇಬರ ಪ್ರತಿಮೆಯೂ ಅಲ್ಲೇ ಇದೆ. ಮೊದಲು ಅಲ್ಲಿ ನಿಂತು ಕಟ್ಟಡ ನೋಡಿ. ಆಮೇಲೆ ಕೈ ಮುಗಿಯದೆ ಒಳಗೆ ಹೋಗಿ, ನಮ್ಮ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿ.