ಬ್ರಿಟಿಷ್ ರಾಜ್ಯಪದ್ಧತಿಯಲ್ಲಿ ಕರ್ತೃವಿಚಾರ

ಬ್ರಿಟಿಷ್ ದೇಶದ ಶಾಸನಪತ್ರಗಳನ್ನು ಓದತೊಡಗಿದವರಿಗೆ ಮೊದಲಿಗೇ ಒಂದು ಶಂಕೆ ಎದುರಾಗುವುದು. ಅಲ್ಲಿ ಪಾರ್ಲಿಮೆಂಟನ್ನು ಕರೆಯುವವನೂ ವಿಸರ್ಜಿಸುವವನೂ ಅರಸನು. ಮಂತ್ರಿಗಳನ್ನು ನೇಮಿಸುವವನು ಅರಸನು. ಮಸೂದೆಗೆ ಅನುಮತಿಯನ್ನಿತ್ತು ಅದನ್ನು ಶಾಸನವನ್ನಾಗಿ ಮಾಡುವವನೂ ಅವನೇ. ಆದರೆ ಅದೇ ದೇಶದ ಈಚಿನ ಚರಿತ್ರೆಯನ್ನು ನೋಡಿದರೆ, ಈ ಕಾರ್ಯಗಳನ್ನು ಅರಸನು ಸ್ವೇಚ್ಛೆಯಿಂದ ಮಾಡುವುದಿಲ್ಲವೆಂದು ತಿಳಿದುಬರುತ್ತದೆ. ಹಾಗಾದರೆ ಶಾಸನದ ವಾಕ್ಯವು ಅಸತ್ಯವೇ? ಅಸತ್ಯವಲ್ಲವಾದರೆ ಅದರ ತಾತ್ಪರ್ಯವೇನು? ಆ ದೇಶದ ಸಾಹಿತ್ಯವನ್ನೂ ಚರಿತ್ರೆಯನ್ನೂ ಪಾಠಹೇಳುವವರು ಈ ಶಂಕೆಯನ್ನು ಪರಿಹರಿಸಿಕೊಳ್ಳದೆ ಮುಂದುವರಿದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ನಮ್ಮ ಅರ್ಥಶಾಸ್ತ್ರದ ಅರಸನೇ ನಿಲ್ಲುವನು. ನಮ್ಮ ದೇಶದ ರಾಜ್ಯಾಂಗವೂ ಈ ಪದ್ಧತಿಯಿಂದ ಬಹಳವನ್ನು ಸ್ವೀಕರಿಸಿರುವುದರಿಂದ ಇದು ಕೇವಲ ಪರದೇಶದ ಕುತೂಹಲವೂ ಅಲ್ಲ.

೧. ಪ್ರಯೋಜಕನೂ ಪ್ರಯೋಜ್ಯನೂ

ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ವೈಯಾಕರಣರು ಕರ್ತೃವೆನ್ನುವರು. ಯಜ್ಞದತ್ತನು ದೇವದತ್ತನಿಂದ ಅಡಿಗೆಯನ್ನು ಮಾಡಿಸಿದರೆ ಯಜ್ಞದತ್ತನು ಪ್ರಯೋಜಕನು, ದೇವದತ್ತನು ಪ್ರಯೋಜ್ಯನು. ಪ್ರಾಚೀನ ರಾಜ್ಯಗಳಲ್ಲಿ ಅರಸನು ಪ್ರಯೋಜಕನಾಗಿಯೂ ಅಮಾತ್ಯರು ಪ್ರಯೋಜ್ಯರಾಗಿಯೂ ಇರುತ್ತಿದ್ದರಷ್ಟೆ. ಬ್ರಿಟಿಷ್ ಪದ್ಧತಿಯಲ್ಲಿ ಈ ಸಂಬಂಧವು ತಲೆಕೆಳಗಾಗಿದೆ. ಅಲ್ಲಿ ಅರಸನೇ ಪ್ರಯೋಜ್ಯನು; ಮಂತ್ರಿಗಳು ಅವನಿಂದ ಮಾಡಿಸುವವರು; ಮಂತ್ರಿಗಳನ್ನು ನಿಲ್ಲಿಸುವುದೂ ಕೆಳಗಿಳಿಸುವುದೂ ಸಾಮಾನ್ಯರ ಸಭೆಯ ಕೈಯಲ್ಲಿದೆ; ಆ ಸಭೆಯನ್ನು ಹುಟ್ಟಿಸುವವರು ಮತದಾರರು. ಆದರೆ ಶಾಸನದ ಭಾಷೆಯು ಪ್ರಯೋಜ್ಯನನ್ನು ಮಾತ್ರ ಹೆಸರಿಸಿ ಪ್ರಯೋಜಕರನ್ನು ಅಧ್ಯಾಹಾರಕ್ಕೆ ಬಿಟ್ಟಿದೆ. ಓದುಗರು ಈ ಅಧ್ಯಾಹಾರವನ್ನು ಮಾಡಿಕೊಳ್ಳದಿದ್ದುದೇ ಶಂಕೆಗೆ ಮೂಲ.

ಅರಸನು ತಪ್ಪುಮಾಡಲಾರನೆಂಬ ಆ ದೇಶದ ಹಳೆಯ ನ್ಯಾಯೋಕ್ತಿಯನ್ನು ಇದರಿಂದಲೇ ವಿವರಿಸಬಹುದು. ಅರಸನು ದೋಷರಹಿತನೆಂಬುದು ಅದರ ಇಂದಿನ ಭಾವವಲ್ಲ. ಅವನ ಹೆಸರಿನಲ್ಲಿ ನಡೆದ ಕಾರ್ಯಕ್ಕೆ ಸಲಹೆಯಿತ್ತ ಮಂತ್ರಿಯೇ ಉತ್ತರವಾದಿ, ಅವನು ಅರಸನ ಹಿಂದೆ ಅಡಗಿಕೊಳ್ಳುವಂತಿಲ್ಲ ಎಂಬುದು ಭಾವ.

೨. ಕೋಶದಿಂದ ಬಂದ ಬಲ

ಈ ವಿಪರ್ಯಾಸವು ಒಂದು ದಿನದಲ್ಲಿ ಆದುದಲ್ಲ. ಕೌಟಿಲ್ಯನು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳನ್ನು ರಾಜ್ಯದ ಅಂಗಗಳಾಗಿ ಎಣಿಸಿರುವನು. ಇಂಗ್ಲೆಂಡಿನಲ್ಲಿ ಜನಪದದ ಪ್ರತಿನಿಧಿಗಳು ಮೊದಲು ಹಿಡಿದುದು ಕೋಶವನ್ನು, ಅದರ ಮೂಲಕ ದಂಡವನ್ನು. ೧೨೧೫ರಲ್ಲಿ ಜಾನ್ ಅರಸನು ಒಪ್ಪಿದ ಮ್ಯಾಗ್ನಾಕಾರ್ಟಾದಲ್ಲಿಯೇ ರಾಜ್ಯದ ಸಮ್ಮತಿಯಿಲ್ಲದೆ ಕೆಲವು ಕರಗಳನ್ನು ಎತ್ತಬಾರದೆಂಬ ನಿಬಂಧನೆಯುಂಟು. ಒಂದನೆಯ ಚಾರ್ಲ್ಸನು ಪಾರ್ಲಿಮೆಂಟಿಲ್ಲದೆ ಹನ್ನೊಂದು ವರ್ಷ ಆಳಿದನು. ಆದರೆ ಸ್ಕಾಟ್‌ಲೆಂಡಿನೊಡನೆ ಯುದ್ಧವೊದಗಿ ಹಣ ಬೇಕಾದಾಗ ಅದನ್ನು ಮತ್ತೆ ಕರೆಯಬೇಕಾಯಿತು. ೧೬೪೨ರ ಜನವರಿ ೪ರಂದು ಅವನು ಐವರು ಸದಸ್ಯರನ್ನು ಸೆರೆಹಿಡಿಯಲೆಂದು ಆಯುಧಪಾಣಿಗಳೊಡನೆ ಸಾಮಾನ್ಯರ ಸಭೆಗೇ ಬಂದನು. ಆ ಐವರು ಆಗಲೇ ತಪ್ಪಿಸಿಕೊಂಡಿದ್ದರು. ಅವರೆಲ್ಲಿರುವರೆಂದು ಹೇಳಲು ಸಭಾಧ್ಯಕ್ಷನು ಒಪ್ಪಲಿಲ್ಲ. ಅಂತರ್ಯುದ್ಧವು ನಡೆದು ೧೬೪೯ರಲ್ಲಿ ಅರಸನ ಶಿರಚ್ಛೇದವಾಯಿತು. ೧೬೬೦ರಲ್ಲಿ ಅರಸುತನವು ಮರಳಿತಾದರೂ ಹಿಂದಿನ ಅರಸುತನವು ಮರಳಲಿಲ್ಲ. ೧೬೮೯ರ ಹಕ್ಕುಗಳ ಶಾಸನವು ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಕರವನ್ನೆತ್ತುವುದನ್ನೂ, ಶಾಂತಿಕಾಲದಲ್ಲಿ ಸೇನೆಯನ್ನಿಡುವುದನ್ನೂ, ಶಾಸನಗಳನ್ನು ತಡೆಹಿಡಿಯುವುದನ್ನೂ ನಿಷೇಧಿಸಿತು.

ಇಂದಿಗೂ ಪಾರ್ಲಿಮೆಂಟಿನ ಆರಂಭೋತ್ಸವದಲ್ಲಿ ಅರಸನ ದೂತನಾಗಿ ಬರುವ ಅಧಿಕಾರಿಯ ಮುಂದೆ ಸಾಮಾನ್ಯರ ಸಭೆಯ ಬಾಗಿಲನ್ನು ಮುಚ್ಚುವರು. ಅವನು ಕೋಲಿನಿಂದ ಮೂರು ಸಲ ತಟ್ಟಿದ ಮೇಲೆ ತೆರೆಯುವರು. ಬಳಿಕ ಸದಸ್ಯರೇ ಪ್ರಭುಗಳ ಸಭೆಗೆ ಹೋಗಿ ಅರಸನ ಭಾಷಣವನ್ನು ಕೇಳುವರು. ನೋಡುವವರಿಗೆ ಇದು ವಿನೋದವಾಗಿ ಕಾಣಬಹುದು. ಆದರೆ ೧೬೪೨ರ ಸ್ಮರಣೆಯು ಈ ಆಚಾರದಲ್ಲಿ ಉಳಿದುಬಂದಿದೆ. ಆ ಭಾಷಣವನ್ನಾದರೂ ರಚಿಸುವವರು ಮಂತ್ರಿಗಳೇ. ಅರಸನು ವಾಚಕನು ಮಾತ್ರ.

೩. ಇಂದಿನ ನಡೆವಳಿ

ಸಾಮಾನ್ಯರ ಸಭೆಯಲ್ಲಿ ೬೫೦ ಸ್ಥಾನಗಳುಂಟು. ಒಂದೊಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನು ಆಯ್ಕೆಯಾಗುವನು. ಈ ಸಭೆಯ ವಿಶ್ವಾಸವನ್ನು ಯಾವ ನಾಯಕನು ಪಡೆಯಬಲ್ಲನೋ ಅವನನ್ನೇ ಅರಸನು ಪ್ರಧಾನಮಂತ್ರಿಯಾಗಿ ನೇಮಿಸತಕ್ಕದ್ದು. ೨೦೨೪ರ ಜುಲೈ ೪ರಂದು ಚುನಾವಣೆಯಾಗಿ, ಮರುದಿನವೇ ಋಷಿ ಸುನಕರು ಮೂರನೆಯ ಚಾರ್ಲ್ಸ್ ಅರಸರಿಗೆ ರಾಜೀನಾಮೆಯನ್ನು ಕೊಟ್ಟರು. ಅದೇ ದಿನ ಕೀರ್ ಸ್ಟಾರ್ಮರರು ನೇಮಕವಾದರು. ನೇಮಿಸಿದವನು ಅರಸನು, ನಿರ್ಣಯಿಸಿದವರು ಮತದಾರರು.

ವಿಶ್ವಾಸವು ತಪ್ಪಿದರೆ ಮಂತ್ರಿಮಂಡಲವು ರಾಜೀನಾಮೆಯನ್ನು ಕೊಡಬೇಕು, ಇಲ್ಲವೆ ಚುನಾವಣೆಗೆ ಹೋಗಬೇಕು. ೧೯೭೯ರ ಮಾರ್ಚಿ ೨೮ರಂದು ಜೇಮ್ಸ್ ಕ್ಯಾಲಹನ್ನರ ಸರ್ಕಾರವು ೩೧೧ಕ್ಕೆ ೩೧೦ ಮತಗಳಿಂದ, ಎಂದರೆ ಒಂದೇ ಮತದಿಂದ, ಸೋತಿತು. ಬಳಿಕ ನಡೆದ ಚುನಾವಣೆಯಲ್ಲಿ ಮಾರ್ಗರೆಟ್ ಥ್ಯಾಚರರ ಪಕ್ಷವು ಗೆದ್ದಿತು. ಇದಕ್ಕೆ ಪ್ರತ್ಯುದಾಹರಣೆಯಾಗಿ ೧೮೩೪ನ್ನು ನೋಡಬಹುದು. ಆಗ ನಾಲ್ಕನೆಯ ವಿಲಿಯಂ ಅರಸನು ಮೆಲ್‌ಬರ್ನನ ಮಂತ್ರಿಮಂಡಲವನ್ನು ತಾನಾಗಿ ತೆಗೆದುಹಾಕಿ ಪೀಲನಿಗೆ ಅಧಿಕಾರವನ್ನಿತ್ತನು. ಚುನಾವಣೆಯಲ್ಲಿ ಪೀಲನಿಗೆ ಬಹುಮತವು ದೊರೆಯದೆ ೧೮೩೫ರಲ್ಲಿ ಮೆಲ್‌ಬರ್ನನೇ ಹಿಂದಿರುಗಿದನು. ಅಂದಿನಿಂದ ಯಾವ ಅರಸನೂ ಆ ಪ್ರಯೋಗವನ್ನು ಮಾಡಿಲ್ಲ.

ಪ್ರಭುಗಳ ಸಭೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೦೯ರ ಆಯವ್ಯಯವನ್ನು ಅದು ತಿರಸ್ಕರಿಸಿದುದರಿಂದ ವಿವಾದವೆದ್ದು ೧೯೧೧ರ ಪಾರ್ಲಿಮೆಂಟು ಶಾಸನವು ಹುಟ್ಟಿತು. ಹಣದ ಮಸೂದೆಯನ್ನು ಒಂದು ತಿಂಗಳಿಗಿಂತ ಹೆಚ್ಚಾಗಿ ತಡೆಯುವ ಅಧಿಕಾರವು ಆ ಸಭೆಗೆ ಇಲ್ಲವಾಯಿತು. ಇತರ ಮಸೂದೆಗಳನ್ನು ತಡೆಯುವ ಕಾಲವನ್ನು ೧೯೪೯ರ ಶಾಸನವು ಸುಮಾರು ಒಂದು ವರ್ಷಕ್ಕೆ ಇಳಿಸಿತು. ೧೯೯೯ರ ಶಾಸನದಿಂದ ವಂಶಪಾರಂಪರ್ಯದ ಪ್ರಭುಗಳಲ್ಲಿ ಬಹುಮಂದಿ ಸ್ಥಾನವನ್ನು ಕಳೆದುಕೊಂಡರು. ಇಂದು ಆ ಸಭೆಯ ಮುಖ್ಯಕಾರ್ಯವು ಪರಿಶೀಲಿಸಿ ತಿದ್ದುವುದು.

ಎರಡು ಸಭೆಗಳನ್ನು ದಾಟಿದ ಮಸೂದೆಗೆ ಅರಸನ ಅನುಮತಿ ಬೇಕು. ಅನುಮತಿಯ ಸೂತ್ರವು ಈಗಲೂ ನಾರ್ಮನ್ ಫ್ರೆಂಚಿನಲ್ಲಿಯೇ ಇದೆ. ಅರಸನು ಇದನ್ನು ಇಚ್ಛಿಸುತ್ತಾನೆಂಬುದು ಅದರ ಅರ್ಥ. ನಿರಾಕರಣೆಗೂ ಒಂದು ಸೂತ್ರವುಂಟು. ಅರಸನು ಆಲೋಚಿಸುವನೆಂದು ಅದು ಮೃದುವಾಗಿ ನುಡಿಯುತ್ತದೆ. ಈ ಎರಡನೆಯ ಸೂತ್ರವು ಕೊನೆಯದಾಗಿ ಕಾರ್ಯಕ್ಕೆ ಬಂದುದು ೧೭೦೮ರಲ್ಲಿ, ಆನ್ ರಾಣಿಯು ಸ್ಕಾಟ್‌ಲೆಂಡಿನ ಸೇನೆಯ ಮಸೂದೆಯನ್ನು ನಿರಾಕರಿಸಿದಾಗ. ಅದೂ ಮಂತ್ರಿಗಳ ಸಲಹೆಯಂತೆಯೇ. ಇಚ್ಛಿಸುವನೆಂಬ ಕ್ರಿಯಾಪದವು ಉಳಿದಿದೆ. ಇಚ್ಛಿಸದಿರುವ ಸ್ವಾತಂತ್ರ್ಯವು ಉಳಿದಿಲ್ಲ.

೪. ಶಿಷ್ಟಾಚಾರದ ಪ್ರಾಮಾಣ್ಯ

ಇವೆಲ್ಲ ಎಲ್ಲಿ ಬರೆದಿವೆ ಎಂದು ಕೇಳಿದರೆ, ಬಹುಭಾಗ ಯಾವ ಶಾಸನದಲ್ಲಿಯೂ ಇಲ್ಲವೆಂದೇ ಉತ್ತರ. ಬ್ರಿಟನ್ನಿಗೆ ಒಂದೇ ಗ್ರಂಥರೂಪವಾದ ರಾಜ್ಯಾಂಗವಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ಶ್ರುತಿಸ್ಮೃತಿಗಳ ತರುವಾಯ ಶಿಷ್ಟಾಚಾರವನ್ನೂ ಪ್ರಮಾಣವೆಂದು ಅಂಗೀಕರಿಸಿದಂತೆ, ಅಲ್ಲಿಯ ರಾಜನೀತಿಜ್ಞರು ಲಿಖಿತಶಾಸನದೊಡನೆ ಸಂಪ್ರದಾಯವನ್ನೂ ಅಂಗೀಕರಿಸಿರುವರು. ಆದರೆ ಒಂದು ಭೇದವನ್ನು ಮರೆಯಬಾರದು. ನಮ್ಮಲ್ಲಿ ಶ್ರುತಿಗೆ ವಿರುದ್ಧವಾದ ಆಚಾರವು ದುರ್ಬಲ; ಅಲ್ಲಿ ಶಾಸನದ ಅಕ್ಷರವು ಅರಸನಿಗೆ ಕೊಟ್ಟುದನ್ನು ಆಚಾರವೇ ನಿಯಂತ್ರಿಸುತ್ತದೆ.

ಆಚಾರವನ್ನು ಮೀರಿದರೆ ಗತಿಯೇನು? ೨೦೧೯ರಲ್ಲಿ ಪ್ರಧಾನಮಂತ್ರಿ ಬೋರಿಸ್ ಜಾನ್ಸನರ ಸಲಹೆಯಂತೆ ಎರಡನೆಯ ಎಲಿಜಬೆತ್ ರಾಣಿಯವರು ಪಾರ್ಲಿಮೆಂಟಿನ ಅಧಿವೇಶನವನ್ನು ಸುಮಾರು ಐದು ವಾರ ಮುಂದೂಡುವ ಆಜ್ಞೆಯನ್ನಿತ್ತರು. ಸೆಪ್ಟೆಂಬರು ೨೪ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರು ಒಮ್ಮತದಿಂದ ಆ ಮುಂದೂಡಿಕೆಯು ಅಸಿಂಧುವೆಂದು ತೀರ್ಪಿತ್ತರು. ನ್ಯಾಯಾಲಯವು ವಿಚಾರಿಸಿದುದು ರಾಣಿಯ ನಡತೆಯನ್ನಲ್ಲ, ರಾಣಿಗೆ ಕೊಟ್ಟ ಸಲಹೆಯನ್ನು. ವಾಕ್ಯದಲ್ಲಿ ಕಾಣುವ ಕರ್ತೃವನ್ನು ದಾಟಿ ಪ್ರಯೋಜಕನನ್ನು ಹಿಡಿಯುವ ಮಾರ್ಗವಿದು.

ಹಾಗಾದರೆ ಅರಸನು ವ್ಯರ್ಥನೇ? ೧೮೬೭ರಲ್ಲಿ ಇಂಗ್ಲಿಷ್ ರಾಜ್ಯಾಂಗವನ್ನು ಕುರಿತು ಗ್ರಂಥವನ್ನು ಬರೆದ ವಾಲ್ಟರ್ ಬ್ಯಾಜಟ್ ಎಂಬವನು ಅರಸನಿಗೆ ಮೂರು ಹಕ್ಕುಗಳು ಉಳಿದಿವೆಯೆಂದನು: ಮಂತ್ರಿಗಳು ತನ್ನೊಡನೆ ಆಲೋಚಿಸುವಂತೆ ಅಪೇಕ್ಷಿಸುವುದು, ಅವರನ್ನು ಪ್ರೋತ್ಸಾಹಿಸುವುದು, ಎಚ್ಚರಿಸುವುದು. ಪ್ರಧಾನಮಂತ್ರಿಯು ಅರಸನನ್ನು ವಾರಕ್ಕೊಮ್ಮೆ ರಹಸ್ಯವಾಗಿ ಕಾಣುವ ಪದ್ಧತಿಯು ಇದಕ್ಕೆ ಅವಕಾಶವನ್ನೀಯುತ್ತದೆ. ಮಂತ್ರಿಗಳು ಬಂದುಹೋಗುವರು, ಕಿರೀಟವು ನಿಲ್ಲುವುದು. ೨೦೨೨ರ ಸೆಪ್ಟೆಂಬರು ೬ರಂದು ಲಿಜ್ ಟ್ರಸ್ಸರನ್ನು ನೇಮಿಸಿದ ರಾಣಿಯವರು ೮ರಂದು ತೀರಿಕೊಂಡರು, ಆ ಕ್ಷಣವೇ ಚಾರ್ಲ್ಸರು ಅರಸರಾದರು, ಮಂತ್ರಿಮಂಡಲವು ಕದಲಲಿಲ್ಲ. ಆದುದರಿಂದ ಅಲ್ಲಿಯ ಶಾಸನಗಳಲ್ಲಿ ಕಿರೀಟವೆಂಬ ಶಬ್ದವು ತಲೆಯ ಮೇಲಿನ ಒಡವೆಯನ್ನಲ್ಲ, ಲಕ್ಷಣಾವೃತ್ತಿಯಿಂದ ರಾಜ್ಯದ ಅಧಿಕಾರವನ್ನೇ ಹೇಳುತ್ತದೆಂದು ತಿಳಿಯತಕ್ಕದ್ದು.

೫. ನಮ್ಮ ದೇಶಕ್ಕೆ ಸಂಬಂಧ

ಬ್ರಿಟಿಷರು ಆಚಾರಕ್ಕೆ ಬಿಟ್ಟುದನ್ನು ನಾವು ಕ್ರಮಕ್ರಮವಾಗಿ ಅಕ್ಷರಕ್ಕೆ ತಂದೆವು. ೧೯೫೦ರ ನಮ್ಮ ರಾಜ್ಯಾಂಗದ ೭೪ನೆಯ ವಿಧಿಯು ರಾಷ್ಟ್ರಪತಿಗೆ ಸಲಹೆಯನ್ನೀಯಲು ಮಂತ್ರಿಮಂಡಲವಿರತಕ್ಕದ್ದೆಂದು ಹೇಳಿತ್ತೇ ಹೊರತು, ಆ ಸಲಹೆಯಂತೆ ನಡೆಯಲೇಬೇಕೆಂದು ಹೇಳಿರಲಿಲ್ಲ. ೧೯೭೬ರ ೪೨ನೆಯ ತಿದ್ದುಪಡಿಯು ಅದನ್ನು ಸ್ಪಷ್ಟಪಡಿಸಿತು. ೧೯೭೮ರ ೪೪ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಪುನರಾಲೋಚನೆಗೆ ಕಳುಹಿಸುವ ಅಧಿಕಾರವನ್ನಿತ್ತಿತು. ಸರ್ಕಾರಕ್ಕೆ ಬಹುಮತವುಂಟೋ ಇಲ್ಲವೋ ಎಂಬುದನ್ನು ರಾಜ್ಯಪಾಲರ ಅಭಿಪ್ರಾಯದಿಂದಲ್ಲ, ಶಾಸನಸಭೆಯಲ್ಲಿಯೇ ನಿರ್ಣಯಿಸಬೇಕೆಂಬ ತತ್ತ್ವವನ್ನು ೧೯೯೪ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸ್ಥಾಪಿಸಿತು. ೧೯೮೯ರಲ್ಲಿ ವಜಾ ಆದ ಕರ್ಣಾಟಕದ ಎಸ್. ಆರ್. ಬೊಮ್ಮಾಯಿಯವರ ಹೆಸರಿನಿಂದಲೇ ಆ ತೀರ್ಪು ಪ್ರಸಿದ್ಧವಾಗಿದೆ.

ಅಕ್ಷರದಲ್ಲಿ ಬರೆದುಕೊಂಡವರಿಗೂ ಆಚಾರದ ಆವಶ್ಯಕತೆ ತಪ್ಪಿಲ್ಲವೆಂಬುದನ್ನು ಈ ವ್ಯವಹಾರವೇ ತೋರಿಸುತ್ತದೆ. ವಿಧಿಯ ಮಾತನ್ನು ಹಿಡಿದು ಅದರ ತಾತ್ಪರ್ಯವನ್ನು ಕೈಬಿಡಬಹುದಾದ ಸಂದರ್ಭಗಳು ಎರಡು ದೇಶಗಳಲ್ಲಿಯೂ ಒದಗಿವೆ. ಶಾಸನವಾಕ್ಯವನ್ನು ಓದುವಾಗ ಯಾರು ಮಾಡಿದರೆಂಬುದರೊಡನೆ, ಯಾರು ಮಾಡಿಸಿದರು, ಅವರು ಯಾರಿಗೆ ಉತ್ತರವಾದಿಗಳು ಎಂದು ಕೇಳುವ ಅಭ್ಯಾಸವನ್ನು ಉಪಾಧ್ಯಾಯರು ವಿದ್ಯಾರ್ಥಿಗಳಲ್ಲಿ ಬೆಳೆಸಿದರೆ, ಆ ದೇಶದ ಪದ್ಧತಿಯೂ ನಮ್ಮದೂ ಅವರಿಗೆ ಸುಗಮವಾಗುವುವು.